ಅಟ್ಟದ ಮೇಲಿನ ಮಾಗಳಿ ಜಾಡಿ

ಹೋದ ವಾರ ನಂದಿನಿ ಲೇಔಟಿನ ಬಸ್ ಸ್ಟಾಪಿನ ಹತ್ತಿರ ಒಬ್ಬ ಹೆಂಗಸು ಗೋಣಿತಾಟಿನ ಮೇಲೆ ಮಾಗಳಿ ಬೇರು ಹರಡಿಕೊಂಡು ಕೂತಿದ್ದಳು. ಬೇರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬಡಿಯಿತು. ಅಭ್ಯಾಸವಿಲ್ಲದವರಿಗೆ ಅದು ತಿಗಣೆ ಹೊಸಕಿದ ವಾಸನೆ. ಅಭ್ಯಾಸವಿದ್ದವರಿಗೆ ಅದರ ಉಪ್ಪಿನಕಾಯಿ ಇದ್ದರೆ ಮೊಸರನ್ನ ಎರಡು ತುತ್ತು ಹೆಚ್ಚೇ ಸೇರುತ್ತದೆ. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಒಂದು ಕಟ್ಟು ಆರಿಸಿಕೊಂಡೆ. ಚೌಕಾಸಿ ಮಾಡಲಿಲ್ಲ. ಚೌಕಾಸಿ ಮಾಡದೆ ಕೊತ್ತಂಬರಿ ಸೊಪ್ಪನ್ನೂ ಕೊಂಡವಳಲ್ಲ ನಾನು.

ಮನೆಗೆ ಬಂದು ಬೇರು ತೊಳೆದೆ, ಸಿಪ್ಪೆ ಹೆರೆದೆ, ನಡುವಿನ ನಾರು ತೆಗೆದೆ. ಆಮೇಲೆ ಮಂಚದ ಕೆಳಗಿಂದ ಅಮ್ಮನ ಪಿಂಗಾಣಿ ಜಾಡಿ ಎಳೆದೆ. ಕೆಂಗೇರಿ ಬಿಟ್ಟ ಮೇಲೆ ಆ ಜಾಡಿಗೆ ಏನನ್ನೂ ತುಂಬಿರಲಿಲ್ಲ. ಎಷ್ಟು ಸಲ ತೊಳೆದಿದ್ದರೂ ಮುಚ್ಚಳ ತೆಗೆದರೆ ಒಳಗೆ ಅದೇ ವಾಸನೆ... ಆ ವಾಸನೆಯ ಜೊತೆಗೆ ಎದುರುಮನೆ ಅಕ್ಕನೂ ಬಂದು ಕೂತರು. ಬೇಡ ಅಂದರೂ ಬಂದು ಕೂರುವ ಅಭ್ಯಾಸ ಅವರಿಗೆ ಮೊದಲಿಂದಲೂ ಇತ್ತು.

ಕೆಂಗೇರಿ ದಾಟಿ ಒಳಗೆ ಹೋದರೆ ಹಳ್ಳದ ಪಕ್ಕ ನಮ್ಮ ಬೀದಿ. ಅಕ್ಕನ ಮನೆಯ ಸಾಲು ಹಳ್ಳಕ್ಕೆ ಬೆನ್ನು ಹಾಕಿ ನಿಂತಿತ್ತು, ನಮ್ಮ ಸಾಲು ಎದುರಿಗೆ, ಸ್ವಲ್ಪ ಎತ್ತರದಲ್ಲಿ. ನೆಲಮಹಡಿಯ ಬಾಡಿಗೆ ಮನೆಯಲ್ಲಿ ಇದ್ದದ್ದು ನಾನು ಮತ್ತು ಅಮ್ಮ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಟೇಬಲ್ಲು. ಹಿಂದಿನ ಕೋಣೆಯಲ್ಲಿ ಅಮ್ಮನ ಮಂಚ. ಅವಳಿಗೆ ಸೊಂಟದ ಮೂಳೆ ಮುರಿದು ಕೂಡಿಸಿದ್ದರು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬಂದರೆ ಕಾಶಿಗೆ ಹೋಗಿ ಬಂದಷ್ಟು ಸುಸ್ತು. ಮೇಲಿನ ಮನೆಯಲ್ಲಿ ಬಾಗಲಕೋಟೆ ಕಡೆಯ ಹೆಂಗಸೊಬ್ಬಳು ಜೋಳದ ರೊಟ್ಟಿ ಬಡಿದು ಪೀಜಿಗಳಿಗೆ ಕಳಿಸುತ್ತಿದ್ದಳು. ಬೀದಿಗೆಲ್ಲ ಅವಳು ರೊಟ್ಟಿಯಮ್ಮ. ನನ್ನ ಗಂಡನ ಕಥೆ ಇಲ್ಲಿ ಬೇಡ, ಅವನು ಎಂದೋ ಬಿಟ್ಟು ಹೋದ. ಕಟ್ಟಿಕೊಂಡವನು ಬಿಟ್ಟು ಹೋದದ್ದೂ ನನಗೆ ಇಷ್ಟು ಉರಿದಿಲ್ಲ, ಎದುರುಮನೆಯವರು ಮಾಡಿದ್ದು ಉರಿದ ಹಾಗೆ.

ಅಕ್ಕ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಗಂಡನಿಗೆ ಫ್ಯಾಕ್ಟರಿ ಕೆಲಸ, ಸದಾ ಶಿಫ್ಟು. ಮಗಳನ್ನು ಕುರುಬರಹಳ್ಳಿಗೆ ಕೊಟ್ಟಿದ್ದರು. ಹಾಗಾಗಿ ಅವರಿಗೆ ಪುರುಸೊತ್ತೂ ಇತ್ತು, ಬೀದಿಯ ಯಜಮಾನಿಕೆಯೂ ಇತ್ತು. ಯಾರ ಮನೆಯಲ್ಲಿ ಸೀಮಂತ, ಯಾರ ಮನೆಯಲ್ಲಿ ಜಗಳ, ಎಲ್ಲದಕ್ಕೂ ಅವರೇ. ನನ್ನ ಅಮ್ಮನಿಗೆ ತಲೆ ಬಾಚುತ್ತಿದ್ದವರು ಅವರು, ನಾನಲ್ಲ. ನನ್ನ ಕೈಗೆ ಬಾಚಣಿಗೆ ಬಂದರೆ ಅಮ್ಮ ನಿದ್ದೆಯ ನಾಟಕ ಮಾಡುತ್ತಿದ್ದಳು. ಅಕ್ಕ ಬಂದರೆ ಎದ್ದು ಕೂತು, ಬೀದಿಯ ಸುದ್ದಿಯೆಲ್ಲ ಕೇಳಿಸಿಕೊಂಡು, ಜಡೆ ಹಾಕಿಸಿಕೊಳ್ಳುತ್ತಿದ್ದಳು. ಅವರ ಮನೆಯ ಇನ್ನೊಂದು ಬೀಗದ ಕೈ ನಮ್ಮ ಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು, ನಮ್ಮದು ಅವರ ಮನೆಯಲ್ಲಿ.

ಬೀದಿಯ ಮೇಲ್ಗಡೆ, ಹಳ್ಳ ಇಳಿದು ಬರುವ ದಿಕ್ಕಿನಲ್ಲಿ, ಒಬ್ಬ ಸಾಹುಕಾರರ ಜಮೀನಿತ್ತು. ಅವರು ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿ, ನೀರು ನಿಲ್ಲಿಸಿ, ಬೋಟಿಂಗ್ ಕ್ಲಬ್ ಮಾಡಿದ್ದರು. ಹಂಸದ ಆಕಾರದ ಪೆಡಲ್ ಬೋಟುಗಳು, ಹುಲ್ಲು ಹೊದಿಸಿದ ಹೋಟೆಲು, ಭಾನುವಾರ ಬಂತೆಂದರೆ ಕಾರುಗಳ ಸಾಲು. ಅದು ಊರಿನ ಕೆರೆಯಲ್ಲ, ಪೂರ್ತಿ ಖಾಸಗಿ. ನಾವು ಮಾತ್ರ ಅದನ್ನು ಕೆರೆ ಅಂತಲೇ ಕರೆದೆವು. ಕೆರೆ ಅಂದ ಮೇಲೆ ಕೋಡಿ ಇರಬೇಕು. ಕೆರೆ ತುಂಬಿ ಹೆಚ್ಚಾದ ನೀರು ತಾನಾಗಿ ಹೊರಗೆ ಹರಿಯುವ ಜಾಗವದು. ಕೋಡಿ ಬಿತ್ತು ಅಂದರೆ ಗಂಗಮ್ಮ ಒಲಿದಳು ಅಂತ ಅರ್ಥ. ಆಗ ಹೆಂಗಸರು ಹೋಗಿ, ಮೊರದಲ್ಲಿ ಅರಿಶಿನ ಕುಂಕುಮ ಬಳೆ ರವಿಕೆ ಬಟ್ಟೆ ಇಟ್ಟು, ಇನ್ನೊಂದು ಮೊರ ಮುಚ್ಚಿ ನೀರಿಗೆ ಬಾಗಿನ ಬಿಡಬೇಕು. ಬೋಟಿಂಗ್ ಕ್ಲಬ್ಬಿಗೆ ಬಾಗಿನ ಕೊಟ್ಟ ಜನ ಭೂಮಿಯ ಮೇಲೆ ನಾವೇ ಇರಬೇಕು.

ಇದನ್ನು ಶುರು ಮಾಡಿದವರು ಅಕ್ಕ. ಅವರ ತಮ್ಮ ಆ ಕ್ಲಬ್ಬಿನಲ್ಲಿ ಮ್ಯಾನೇಜರ್ ಆಗಿದ್ದ, ಒಳಗೆ ಬಿಡಿಸುವುದು ಕಷ್ಟವಿರಲಿಲ್ಲ. ಮೊದಲ ವರ್ಷ ನನ್ನನ್ನು ಕರೆದಾಗ ಒಬ್ಬಿಬ್ಬರು ಮೂಗು ಮುರಿದರು. ಗಂಡ ಬಿಟ್ಟವಳು ಬಾಗಿನ ಕೊಡಬಹುದೇ ಅಂತ. ಅಕ್ಕ ಬೀದಿಯ ಮಧ್ಯದಲ್ಲಿ ನಿಂತು, "ಅವನು ಓಡಿಹೋದ್ರೆ ಇವಳ ಮುತ್ತೈದೆತನ ಯಾಕ್ರೇ ಓಡಿಹೋಗುತ್ತೆ? ಇವಳು ಬರಲ್ಲ ಅಂದ್ರೆ ನಾನೂ ಬರಲ್ಲ" ಅಂದರು. ಅವತ್ತು ನಾನು ಮಿಷನ್ನಿನ ಹಿಂದೆ ಕೂತು ಅತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಆ ಒಂದು ಮಾತಿಗೆ ನಾನು ಅವರಿಗೆ ಮಾರಿಹೋದೆ.

ಕೋಡಿ ಪ್ರತಿ ವರ್ಷ ಸರಿಯಾಗಿ ರಜಾ ದಿನದಲ್ಲೇ ಬೀಳುತ್ತಿತ್ತು. "ಏನಕ್ಕ, ನಿಮ್ಮ ಗಂಗಮ್ಮನಿಗೂ ವೀಕೆಂಡಾ?" ಅಂತ ಒಂದು ಸಲ ಕೆಣಕಿದೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ಬಾಗಿನಕ್ಕೆ ಹೋದಾಗ ಕಣ್ಣಾರೆ ನೋಡಿದೆ. ಬೋಟಿಗೆ ನೀರು ಸಾಲದೆಂದು ಕೋಡಿಯ ಬಾಯಿಗೆ ಹಲಗೆ ಜೋಡಿಸಿ, ಅದರ ಮೇಲೆ ಮರಳಿನ ಚೀಲ ಪೇರಿಸಿದ್ದರು. ಸಾಕಿದ ಮೀನು ಕೊಚ್ಚಿಹೋಗಬಾರದೆಂದು ಬಲೆ ಬೇರೆ ಕಟ್ಟಿದ್ದರು. ನಮ್ಮ ಪೂಜೆಗೆ ಒಂದೆರಡು ಹಲಗೆ ಎತ್ತುವುದು, ನಾವು ಕೈಮುಗಿದು ಹೊರಟ ಮೇಲೆ ಮತ್ತೆ ಜೋಡಿಸುವುದು. ಏರಿಯ ಮೇಲೆ ಆಳೆತ್ತರ ಮರಗಳು, ಬುಡದಲ್ಲಿ ಹೆಗ್ಗಣದ ಬಿಲ. ನಮ್ಮ ತಾತನ ಕಾಲದವರಾಗಿದ್ದರೆ ಆ ಏರಿ ನೋಡಿ, ಇದು ಒಡೆಯದೆ ಇರುತ್ತದೆಯೇ ಅಂತ ಬೈದು ಬರುತ್ತಿದ್ದರು. ನಾವು ಪ್ರಸಾದ ತಿಂದು ಬಂದೆವು.

ಹಾಗಂತ ಪೂರ್ತಿ ಪೆದ್ದರೂ ಆಗಿರಲಿಲ್ಲ. ಹಲಗೆ ವಿಷಯ ಗೊತ್ತಾದ ಮೇಲೆ ನಾನೇ ಬೀದಿಯವರನ್ನು ಕಟ್ಟಿಕೊಂಡು ಕ್ಲಬ್ಬಿನ ಓನರ್ ಹತ್ತಿರ ಹೋಗಿದ್ದೆ. ಮೇಲೆ ಜೋರು ಮಳೆ ಬಂದು ನೀವು ಹಲಗೆ ಎತ್ತಿದರೆ ಕೆಳಗೆ ನಮ್ಮ ಗತಿಯೇನು, ಒಂದು ಸೈರನ್ನಾದರೂ ಹಾಕಿಸಿ ಅಂತ ಕೇಳಿದೆ. ಓನರ್ ಎಲ್ಲರಿಗೂ ಜ್ಯೂಸ್ ತರಿಸಿಕೊಟ್ಟರು. ಸೈರನ್ ಕೂಗಿದರೆ ಬಂದ ಗೆಸ್ಟುಗಳು ಹೆದರುತ್ತಾರಂತೆ. ಅದರ ಬದಲು ನೀರು ಬಿಡುವ ಮೊದಲು ಮ್ಯಾನೇಜರ್ ಅಕ್ಕನಿಗೆ ಫೋನ್ ಮಾಡುತ್ತಾನೆ, ಅಕ್ಕ ಬೀದಿಗೆ ಹೇಳುತ್ತಾರೆ ಅಂದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಅಕ್ಕ ನನ್ನ ಕೈ ಹಿಡಿದು, "ಸೈರನ್ ಯಾಕೇ? ನಾನಿಲ್ವಾ?" ಅಂದರು.

ನಾನಿಲ್ವಾ... ಸರಿ ಅಂದುಬಿಟ್ಟೆವು. ಸೈರನ್ನು ಕೆಡಬಹುದು, ಕರೆಂಟು ಹೋಗಬಹುದು, ಅಕ್ಕ ಕೈಕೊಡುತ್ತಾರೆಯೇ?

ಕೊಡಲಿಲ್ಲ ಕೂಡ, ಅಷ್ಟು ದಿನ. ಫೋನ್ ಬಂದ ತಕ್ಷಣ ಒದ್ದೆ ಕೈಯಲ್ಲೇ ಓಡಿ ಬಂದು ಮನೆಮನೆಯ ಗೇಟು ಬಡಿಯುತ್ತಿದ್ದರು. "ನೀರು ಬಿಡ್ತಾರಂತೆ ಕಣ್ರೇ, ಗಾಡಿ ಎಲ್ಲ ಮೇಲಕ್ಕೆ ಹಾಕಿಸ್ರಿ." ನೀರು ಹಳ್ಳ ತುಂಬಿ, ಅಕ್ಕನ ಹಿತ್ತಲಿಗೆ ಬಂದು, ಬೀದಿಯನ್ನು ಮುಟ್ಟಿ ಇಳಿದುಹೋಗುತ್ತಿತ್ತು. ಒಂದು ಸಲ ಮಾತ್ರ ಸ್ವಲ್ಪ ಜಾಸ್ತಿಯಾಗಿ ಯಾರದೋ ಹೊಸ ಸ್ಕೂಟರ್ ಕೆಟ್ಟಿತು. ಆಗ ನಾನು ಸುಮ್ಮನಿರಲಿಲ್ಲ. ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ, ಕ್ಲಬ್ಬಿನ ಗೇಟಿನ ಮುಂದೆ, ಕಾರಿನಿಂದ ಇಳಿಯುತ್ತಿದ್ದ ಗೆಸ್ಟುಗಳ ಎದುರಿಗೇ ಓನರ್ ಮಾನ ಹರಾಜು ಹಾಕಿದೆ. ನನ್ನದು ಬಾಯಿ ಬೊಂಬಾಯಿ, ಅದು ಇಡೀ ಬೀದಿಗೆ ಗೊತ್ತು. ಅವತ್ತು ಓನರ್ ಬೈದದ್ದು ಅಕ್ಕನ ತಮ್ಮನನ್ನು. ಅದು ನನಗೆ ಆಮೇಲೆ ತಿಳಿಯಿತು.

ಮಾಗಳಿ ಬೇರಿನ ಉಪ್ಪಿನಕಾಯಿ ಹಾಕಲು ನನಗೆ ಕಲಿಸಿದವರೂ ಅಕ್ಕನೇ. ಅವರ ಮನೆಯಲ್ಲಿದ್ದ ಜಾಡಿ ಬಿರುಕು ಬಿಟ್ಟಿತ್ತು, ಹಾಗಾಗಿ ನಮ್ಮ ಅಮ್ಮನ ಜಾಡಿ ತೆಗೆದುಕೊಂಡು ಹೋಗಿ ಅವರ ಅಡುಗೆಮನೆಯಲ್ಲೇ ಎರಡೂ ಮನೆಗೆ ಸೇರಿಸಿ ಹಾಕುತ್ತಿದ್ದರು. ಅದರಲ್ಲಿ ಅವರಿಗೊಂದು ಕಟ್ಟುನಿಟ್ಟು. ಬೇರು ಮಜ್ಜಿಗೆಯಲ್ಲಿ ಕೂತ ಮೇಲೆ ಜಾಡಿ ಮೂಲೆ ಬಿಟ್ಟು ಏಳಬಾರದು. ಅಲುಗಿದರೆ ಬೂಷ್ಟು ಹಿಡಿಯುತ್ತದಂತೆ. ಮನೆ ತೊಳೆಯುವಾಗಲೂ ಜಾಡಿಯ ಸುತ್ತ ಬಟ್ಟೆಯಲ್ಲಿ ಒರೆಸಬೇಕೇ ಹೊರತು ಅದನ್ನು ಸರಿಸುವ ಹಾಗಿಲ್ಲ. ಒಂದು ಹಬ್ಬಕ್ಕೆ ಸಹಾಯ ಮಾಡಲು ಹೋದವಳು ತಿಳಿಯದೆ ಜಾಡಿಗೆ ಕೈಹಾಕಿದ್ದೆ. ಅಕ್ಕ ನನ್ನ ಕೈಮೇಲೆ ಪಟ್ಟನೆ ಹೊಡೆದರು. "ಮನೆಗೆ ಬೆಂಕಿ ಬಿದ್ರೂ ಜಾಡಿ ಎತ್ತಬೇಡ ಕಣೇ" ಅಂದು, ಆಮೇಲೆ ಅವರೇ ನಕ್ಕರು.

ಆ ವರ್ಷ ದೀಪಾವಳಿಗೆ ಮುಂಚೆ ಮಳೆ ಬಿಡಲೇ ಇಲ್ಲ. ನಮ್ಮಲ್ಲಿ ಹನಿ, ಮೇಲೆ ಬೆಟ್ಟದ ಕಡೆ ಜೋರು. ಆದರೆ ಆ ದಿನ ನಮ್ಮ ಬೀದಿಯಲ್ಲಿ ಒಳ್ಳೆ ಬಿಸಿಲಿತ್ತು. ಹಬ್ಬದ ಬ್ಲೌಸುಗಳು ರಾಶಿ ಬಿದ್ದಿದ್ದವು, ಒಂದು ಮದುವೆ ಮನೆಯ ರೇಷ್ಮೆ ಸೀರೆಗಳೂ ಬಂದಿದ್ದವು. ಲೈನಿಂಗ್ ಬಟ್ಟೆ ಮುಗಿದಿತ್ತು ಅಂತ ನಾನು ಅಮ್ಮನಿಗೆ ತಿಂಡಿ ಕೊಟ್ಟು ವಿಜಯನಗರಕ್ಕೆ ಹೊರಟೆ. ಹೋಗುವಾಗ ಅಕ್ಕನ ಬಾಗಿಲು ಅರ್ಧ ಮುಚ್ಚಿತ್ತು, ಒಳಗೆ ಡಬ್ಬಗಳ ಸದ್ದು ಕೇಳುತ್ತಿತ್ತು. "ಅಕ್ಕ, ಅಮ್ಮನ್ನ ಒಂದ್ ಕಣ್ಣು ನೋಡ್ಕೊಳಿ, ಬೇಗ ಬರ್ತೀನಿ" ಅಂತ ಕೂಗಿದೆ. "ಹ್ಞೂಂ, ಹೋಗ್ ಬಾ" ಅಂತ ಒಳಗಿಂದಲೇ ಅಂದರು. ಹೊರಗೆ ಬರಲಿಲ್ಲ.

ಅಂಗಡಿಯಲ್ಲಿ ಬಣ್ಣ ಹೊಂದಿಸುತ್ತಿದ್ದಾಗ ರೊಟ್ಟಿಯಮ್ಮನ ಫೋನ್ ಬಂತು. "ಅಕ್ಕಾರ, ಲಗೂನ ಬರ್ರಿ. ನೀರು ಮನಿಯೊಳಗ ಹೊಕ್ಕೈತಿ. ಅಮ್ಮಾರು ನನ್ನ ಕಡೆ ಅದಾರ, ಗಾಬರಿ ಆಗಬ್ಯಾಡ್ರಿ."

ಆಟೋದಲ್ಲಿ ದಾರಿಯುದ್ದಕ್ಕೂ ಅಕ್ಕನ ನಂಬರಿಗೆ ಒತ್ತುತ್ತಲೇ ಇದ್ದೆ. ರಿಂಗ್ ಆಗುತ್ತಿತ್ತು, ಎತ್ತಲಿಲ್ಲ. ಅವರಿಗೇ ಏನಾದರೂ ಆಯಿತೋ ಅಂತ ಆಟೋದವನನ್ನು ಅವಸರಪಡಿಸುತ್ತಿದ್ದೆ. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಮ್ಮ ಸಿಕ್ಕಿದ್ದಾಳೆ ಅಂತ ಗೊತ್ತಾದ ಮೇಲೆ ನಾನು ಹೆದರಿದ್ದು ಅವರಿಗಾಗಿ.

ನೀರು ಬಂದದ್ದು ಒಂದೇ ಏಟಿಗಂತೆ. ಮೇಲಿನ ಮಳೆಗೆ ಕ್ಲಬ್ಬಿನ ನೀರು ಏರಿಯ ನೆತ್ತಿಗೆ ಬಂದಿತ್ತು, ಏರಿ ಒಡೆಯುತ್ತದೆ ಅಂತ ಹೆದರಿ ಅಷ್ಟೂ ಹಲಗೆ, ಅಷ್ಟೂ ಚೀಲ ಒಟ್ಟಿಗೆ ಕಿತ್ತಿದ್ದರು. ಅಮ್ಮ ಮಂಚದ ಮೇಲೆ ಮಲಗಿದ್ದವಳು ಕೈ ಇಳಿಬಿಟ್ಟಾಗ ನೀರು ತಾಕಿತಂತೆ. ಎದ್ದು ನಿಲ್ಲಲಾಗದೆ ಗೋಡೆ ಹಿಡಿದು ಕೂತಳು. ನೀರು ಅವಳ ಎದೆಯವರೆಗೆ ಬಂದಾಗ ರೊಟ್ಟಿಯಮ್ಮ ಮೇಲಿನ ಕಿಟಕಿಯಿಂದ ಬೀದಿಯ ನೀರು ನೋಡಿ, ಕಚ್ಚೆ ಕಟ್ಟಿ ಇಳಿದು ಬಂದು, ಅವಳನ್ನು ಬೆನ್ನಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ್ದಳು. ಇನ್ನು ಸ್ವಲ್ಪ ತಡವಾಗಿದ್ದರೆ... ಆ ವಾಕ್ಯವನ್ನು ನಾನು ಇವತ್ತಿನವರೆಗೂ ಪೂರ್ತಿ ಮಾಡಿಲ್ಲ.

ನಾನು ಬರುವಷ್ಟರಲ್ಲಿ ನೀರು ಇಳಿಯುತ್ತಿತ್ತು. ಒಂದು ಹಂಸದ ಬೋಟು ಕ್ಲಬ್ಬಿನಿಂದ ತೇಲಿ ಬಂದು ನಮ್ಮ ಗೇಟಿಗೂ ಕರೆಂಟು ಕಂಬಕ್ಕೂ ಮಧ್ಯೆ ಸಿಕ್ಕಿಕೊಂಡು ಕತ್ತು ಎತ್ತಿ ನಿಂತಿತ್ತು. ಮಿಷನ್ನಿನ ಮೋಟರ್ ಹೋಗಿತ್ತು. ರೇಷ್ಮೆ ಸೀರೆಗಳು ಕೆಸರಲ್ಲಿ ಹಗ್ಗದ ಹಾಗೆ ಸುತ್ತಿಕೊಂಡಿದ್ದವು. ಅಮ್ಮ ರೊಟ್ಟಿಯಮ್ಮನ ಒಲೆ ಮುಂದೆ ಕಂಬಳಿ ಹೊದ್ದು ನಡುಗುತ್ತಿದ್ದಳು. ನನ್ನನ್ನು ನೋಡಿದ ತಕ್ಷಣ ಹೇಳಿದ್ದು ಒಂದೇ ಮಾತು. "ಎದುರುಮನೆಯವಳು ಮಗಳ ಮನೆಗೆ ಹೋಗಿದ್ಲು, ಒಳ್ಳೇದಾಯ್ತು ಕಣೇ. ಇದ್ದಿದ್ರೆ ಕೊಚ್ಚಿಹೋಗ್ತಿದ್ಲು. ಅವಳ ಮನೆ ಏನಾಗಿದ್ಯೋ, ನೋಡು."

ಮಾರನೆಯ ಬೆಳಿಗ್ಗೆ ನನ್ನ ಮನೆಯ ಕೆಸರನ್ನು ಹಾಗೇ ಬಿಟ್ಟು, ಮೊಳೆಯಲ್ಲಿದ್ದ ಅವರ ಬೀಗದ ಕೈ ತೆಗೆದುಕೊಂಡು, ಪೊರಕೆ ಹಿಡಿದು ಎದುರುಮನೆಗೆ ಹೋದೆ. ಪಾಪ, ಗಂಡ ಹೆಂಡತಿ ಬಂದು ನೋಡಿ ಎದೆ ಒಡೆದುಕೊಳ್ಳುತ್ತಾರೆ, ಅಷ್ಟರೊಳಗೆ ನೆಲವಾದರೂ ತೊಳೆದಿಡೋಣ ಅಂತ. ಬೀಗ ತೆಗೆದೆ. ಗೋಡೆಯ ಮೇಲೆ ನೀರಿನ ಗೆರೆ ನಮ್ಮ ಮನೆಗಿಂತ ಮೇಲಿತ್ತು. ಆದರೆ ನೆಲದ ಮೇಲೆ ಏನೂ ಇರಲಿಲ್ಲ. ಚಾಪೆ ಇಲ್ಲ, ಅಕ್ಕಿ ಡಬ್ಬ ಇಲ್ಲ, ಗ್ಯಾಸ್ ಸಿಲಿಂಡರ್ ಇಲ್ಲ. ತಲೆ ಎತ್ತಿದೆ. ಅಟ್ಟದ ಮೇಲೆ ಎಲ್ಲ ಒಪ್ಪವಾಗಿ ಕೂತಿತ್ತು. ಅಕ್ಕಿ, ಬೇಳೆ, ಹಾಸಿಗೆ, ಸೀರೆಯ ಟ್ರಂಕು, ದೇವರ ಪಟಗಳು. ಕೊನೆಯಲ್ಲಿ, ಗೋಡೆಗೆ ಒರಗಿಸಿ, ಬೀಳದ ಹಾಗೆ ಹಳೆಯ ಸೀರೆ ಸುತ್ತಿ, ನಮ್ಮ ಅಮ್ಮನ ಜಾಡಿ.

ಪೊರಕೆ ಕೈಯಲ್ಲೇ ಇತ್ತು. ಬೇರೆಯದನ್ನೆಲ್ಲ ಹೇಗೋ ಒಪ್ಪಿಕೊಳ್ಳಬಹುದಿತ್ತು. ಹಬ್ಬದ ದಿನ ಹತ್ತಿರವಿತ್ತು, ಯಾರು ಬೇಕಾದರೂ ಸಾಮಾನು ಮೇಲೆ ಹಾಕಿ ಮನೆ ತೊಳೆಯುತ್ತಾರೆ. ಆದರೆ ಆ ಜಾಡಿಯಲ್ಲಿ ಹಿಂದಿನ ವಾರವಷ್ಟೇ ಹಾಕಿದ ಬೇರು ಇತ್ತು. ಬೆಂಕಿ ಬಿದ್ದರೂ ಎತ್ತದ ಜಾಡಿ. ಅದನ್ನು ಅವರು ಎತ್ತಬೇಕಾದರೆ ನೀರು ಬರುತ್ತದೆ ಅಂತ ಖಾತ್ರಿಯಾಗಿ ಗೊತ್ತಿರಬೇಕು. ಫೋನ್ ಬಂದಿತ್ತು. ಅವರು ಜಾಡಿಯನ್ನು ಅಪ್ಪಿಕೊಂಡು ಸ್ಟೂಲು ಹತ್ತಿದ್ದರು, ಅಮ್ಮನ ಜಾಡಿ ಅಂತ ಜೋಪಾನವಾಗಿ ಸೀರೆ ಸುತ್ತಿದ್ದರು, ಬಾಗಿಲು ಹಾಕಿಕೊಂಡು ಹೋಗಿದ್ದರು. ಅಮ್ಮ ಮಾತ್ರ ಎದುರುಮನೆಯಲ್ಲಿ ಮಲಗಿದ್ದಳು.

ಜಾಡಿಯನ್ನು ಇಳಿಸಿಕೊಂಡು ರೊಟ್ಟಿಯಮ್ಮನ ಮನೆಗೆ ಹೋದೆ. ಅಮ್ಮನ ಮುಖ ಅರಳಿತು. "ಒಡೀಲಿಲ್ವಾ? ಎಲ್ಲಿ ಸಿಕ್ತು?"

"ಅಟ್ಟದ ಮೇಲಿತ್ತು."

ಅಮ್ಮ ಜಾಡಿಯನ್ನು ಮುಟ್ಟಿ ನೋಡಿದಳು. ಆ ಮನೆಯ ಶಾಸ್ತ್ರವೆಲ್ಲ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆಮೇಲೆ ಯಾರಿಗೋ ಹೇಳಿದ ಹಾಗೆ ಅಂದಳು, "ಹೋಗೋವಾಗ ಕಿಟಕಿ ಹತ್ರ ಬಂದಿದ್ಲು. ಒಬ್ಬರೇ ಯಾಕಮ್ಮ ಮಲಗಿದೀರಾ, ಮೇಲೆ ರೊಟ್ಟಿಯಮ್ಮನ ಜೊತೆ ಹೋಗಿ ಕೂತ್ಕೊಳಿ ಅಂದ್ಲು. ನನ್ ಕೈಲಿ ಮೆಟ್ಟಿಲು ಹತ್ತಕ್ಕಾಗುತ್ತಾ ತಾಯಿ, ಅಂದೆ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ಲು... ಆಮೇಲೆ ಹೋದ್ಲು."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು ಹೇಳಿ ಹೋಗಿದ್ದರು. ಯಾಕೆ ಅಂತ ಹೇಳಿದ್ದರೆ ಅಮ್ಮ ರೊಟ್ಟಿಯಮ್ಮನನ್ನು ಕೂಗುತ್ತಿದ್ದಳು, ರೊಟ್ಟಿಯಮ್ಮ ಬೀದಿಯನ್ನೇ ಕೂಗುತ್ತಿದ್ದಳು. ಅಕ್ಕನಿಗೆ ಅದೇ ಆಗಬಾರದಾಗಿತ್ತು. ಅಮ್ಮ ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು. ಅವತ್ತಿನಿಂದ ಅವಳ ತಲೆಯನ್ನು ನಾನೇ ಬಾಚಿದೆ. ನಿದ್ದೆಯ ನಾಟಕ ಮಾಡಲಿಲ್ಲ, ಸುಮ್ಮನೆ ಕೂತಿರುತ್ತಿದ್ದಳು.

ನಾಲ್ಕೈದು ದಿನ ಕಳೆದು ಅಧಿಕಾರಿಗಳು ಬಂದರು. ಹಂಸದ ಬೋಟಿನ ಪಕ್ಕ ನಿಂತು ವಿಚಾರಣೆ ನಡೆಸಿದರು. ಓನರ್ ಕಡೆಯವನೊಬ್ಬ, ಹೆಂಗಸರು ಬಿಟ್ಟ ಬಾಗಿನದ ಮೊರಗಳು ಕೋಡಿಯ ಬಲೆಗೆ ಸಿಕ್ಕಿಕೊಂಡು ನೀರು ಕಟ್ಟಿತು ಅಂದ. ತಪ್ಪು ನಮ್ಮ ಮೊರದ್ದಂತೆ, ಅವರ ಬಲೆಯದ್ದಲ್ಲ. ಮಗಳ ಮನೆಯಿಂದ ಅವತ್ತೇ ವಾಪಸ್ ಬಂದಿದ್ದ ಅಕ್ಕನ ಮುಖ ನೋಡಿದೆ. ಆ ಬಲೆಯನ್ನೂ ಹಲಗೆಯನ್ನೂ ನಮಗಿಂತ ಹೆಚ್ಚು ಸಲ ನೋಡಿದವರು ಅವರು. ತಲೆ ತಗ್ಗಿಸಿ ನಿಂತಿದ್ದರು. ಅಧಿಕಾರಿ ಕೇಳಿದರು, ನೀರು ಬಿಡುವ ಮೊದಲು ನಿಮಗೆ ಫೋನ್ ಬಂದಿತ್ತಾ ಅಂತ.

"ಬಂದಿರ್ಲಿಲ್ಲ ಸಾರ್. ತಮ್ಮ ಮಾಡಿದ್ನಂತೆ, ನನಗೆ ಸಿಗ್ನಲ್ ಇರ್ಲಿಲ್ಲ" ಅಂದರು.

ನಾನು ಮುಂದೆ ಬಂದೆ. "ಹಂಗಾದ್ರೆ ಸಾಮಾನೆಲ್ಲ ಅಟ್ಟಕ್ಕೆ ಹೇಗ್ ಹೋಯ್ತಕ್ಕ?"

"ನೀರು ತುಂಬೋ ಹಬ್ಬ ಬಂತಲ್ವಾ, ಮನೆ ತೊಳೆಯೋಣ ಅಂತ ಎತ್ತಿಟ್ಟಿದ್ದೆ."

ಸುತ್ತ ನಿಂತಿದ್ದ ಹೆಂಗಸರು ಹೌದು ಹೌದು ಎಂದು ತಲೆಯಾಡಿಸಿದರು. ಅವರೂ ಅದನ್ನೇ ಮಾಡುತ್ತಾರೆ. "ಮಾಗಳಿ ಜಾಡಿನೂ ಎತ್ತಿದ್ರಾ?" ಅಂದೆ. ಅಧಿಕಾರಿಗೆ ನಗು ಬಂತು. ಉಪ್ಪಿನಕಾಯಿ ವಿಷಯ ಆಮೇಲೆ ಮಾತಾಡಿಕೊಳ್ಳಿ ಅಮ್ಮ, ಅಂದರು. ಅಕ್ಕ ಮಾತ್ರ ನಗಲಿಲ್ಲ. ಅವರ ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋದದ್ದನ್ನು ನಾನೊಬ್ಬಳೇ ನೋಡಿದೆ. ಯಾವ ಕೋರ್ಟಿನಲ್ಲೂ ನಿಲ್ಲದ ಸಾಕ್ಷಿ ಅದು. ನಮ್ಮಿಬ್ಬರ ಮಧ್ಯೆ ನಿಂತಿತು, ಅಷ್ಟೇ.

ಎಲ್ಲರೂ ಹೋದ ಮೇಲೆ ಅಕ್ಕನನ್ನು ಅವರ ಹಿತ್ತಲಿನಲ್ಲಿ ಹಿಡಿದುಕೊಂಡೆ. ಅವರು ಅಳುತ್ತಿದ್ದರು. ಅವತ್ತು ಕ್ಲಬ್ಬಿನಲ್ಲಿ ಓನರ್ ಮನೆಯ ನಿಶ್ಚಿತಾರ್ಥವಂತೆ. ದೊಡ್ಡ ದೊಡ್ಡವರು ಬಂದಿದ್ದರಂತೆ. ಬೀದಿಗೆ ಸುದ್ದಿ ಹೋಗಿ ಜನ ಗೇಟಿಗೆ ಬಂದು ಕೂಗಾಡಿದರೆ ನಿನ್ನ ಕೆಲಸ ಹೋಯಿತು ಅಂತ ತಮ್ಮನಿಗೆ ಓನರ್ ಹೇಳಿದ್ದರಂತೆ. ಪಾದ ಮುಳುಗುವಷ್ಟು ಬರುತ್ತೆ, ನಿನ್ನ ಮನೆಗೆ ಮಾತ್ರ ಬರುತ್ತೆ ಅಂತ ತಮ್ಮ ಅಂದಿದ್ದನಂತೆ. ಅಂತೆ, ಅಂತೆ... ಪಾದ ಮುಳುಗುವ ನೀರಿಗೆ ಯಾರೂ ಅಕ್ಕಿ ಡಬ್ಬವನ್ನು ಅಟ್ಟಕ್ಕೆ ಹಾಕುವುದಿಲ್ಲ.

"ನನಗೊಬ್ಬಳಿಗೆ ಹೇಳಿದ್ರೆ ಏನಾಗ್ತಿತ್ತಕ್ಕ? ಅಮ್ಮನ್ನ ಎತ್ಕೊಂಡು ಮೇಲೆ ಹೋಗ್ತಿದ್ದೆ."

ಅವರು ಕಣ್ಣೊರೆಸಿಕೊಂಡು ನನ್ನನ್ನು ನೋಡಿದರು. "ನಿಂಗೆ ಹೇಳಿದ್ರೆ ನೀನು ಸುಮ್ನಿರ್ತಿದ್ಯಾ?"

ನಾನು ಸುಮ್ಮನಿರುತ್ತಿರಲಿಲ್ಲ. ನಿಜ. ಗೇಟು ಮುರಿದು ಒಳಗೆ ಹೋಗುತ್ತಿದ್ದೆ. ಅಷ್ಟು ಚೆನ್ನಾಗಿ ನನ್ನನ್ನು ತಿಳಿದಿದ್ದವರು ಅವರೊಬ್ಬರೇ, ಆ ತಿಳುವಳಿಕೆಯನ್ನು ಅವರು ಬಳಸಿದ್ದು ಹೀಗೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಅಂತ ಗಾದೆ ಹೇಳುತ್ತೇವಲ್ಲ, ಹೇಳುವುದು ಸುಲಭ. ನಮ್ಮ ಬೇಲಿ ಅಮ್ಮನ ಜಡೆ ಹೆಣೆಯುತ್ತಿತ್ತು. ಬೈಯಬೇಕೆಂದು ಹೋದವಳು ಅವರ ಮನೆಯ ಬೀಗದ ಕೈಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಬಂದೆ. ಸಂಜೆ ನಮ್ಮ ಮನೆಯ ಬೀಗದ ಕೈ ನಮ್ಮ ಕಿಟಕಿಯಲ್ಲಿತ್ತು.

ಜಾಡಿಯಲ್ಲಿದ್ದ ಉಪ್ಪಿನಕಾಯಿಗೆ ಬೂಷ್ಟು ಹಿಡಿಯಲೇ ಇಲ್ಲ. ಚೆನ್ನಾಗಿ ಕಳಿಯಿತು. ಅಮ್ಮ ಒಂದು ಬೇರನ್ನೂ ಬಾಯಿಗೆ ಹಾಕಲಿಲ್ಲ. ಹಾಳಾಗದ ಪದಾರ್ಥವನ್ನು ಜೀವಮಾನದಲ್ಲಿ ಚೆಲ್ಲಿದವಳಲ್ಲ, ಅದನ್ನು ಮಾತ್ರ ಹಳ್ಳಕ್ಕೆ ಸುರಿದು ಬಾ ಅಂದಳು. ಸುರಿದು ಬಂದೆ.

ಆಮೇಲೆ ಸೀರೆಗಳ ನಷ್ಟ ತುಂಬಿ, ಬೀದಿ ಬಿಟ್ಟು, ನಂದಿನಿ ಲೇಔಟಿನಲ್ಲಿ ಮೊದಲ ಮಹಡಿಯ ಮನೆ ಹುಡುಕಿದೆ. ಮೆಟ್ಟಿಲಿದ್ದರೆ ಅಮ್ಮನಿಗೆ ಕಷ್ಟವೆಂದು ಎಲ್ಲರೂ ಅಂದರು. ಹತ್ತುವುದು ಒಂದೇ ಸಲ ತಾನೇ ಅಂದಳು ಅಮ್ಮ. ಹಾಗೇ ಆಯಿತು. ಒಂದು ಸಲ ಹತ್ತಿದಳು, ಒಂದು ಸಲ ಇಳಿಸಿದೆವು. ಆ ನೀರಿನಿಂದಲೇ ಹೋದಳು ಅಂತ ಹೇಳಲಾರೆ, ವಯಸ್ಸಾಗಿತ್ತು. ಆದರೆ ಅವಳು ಮಾತು ಕಡಿಮೆ ಮಾಡಿದ್ದು ಆ ನೀರಿನಿಂದಲೇ. ಅಕ್ಕನ ಹೆಸರನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಲಬ್ಬಿನವರು ಏರಿಗೆ ಮಣ್ಣು ಹಾಕಿಸಿ ಮತ್ತೆ ಬೋಟು ಬಿಟ್ಟಿದ್ದಾರೆಂದು ರೊಟ್ಟಿಯಮ್ಮ ಹೇಳಿದಳು. ಸೈರನ್ ಇನ್ನೂ ಬಂದಿಲ್ಲ. ಈಗ ನೀರು ಏರಿದರೆ ಮೇಲಿನ ತಿರುವಿನ ಮನೆಯವರು ತಾರಸಿಯ ಮೇಲೆ ನಿಂತು ತಟ್ಟೆ ಬಡಿಯುತ್ತಾರಂತೆ, ಅದನ್ನು ಕೇಳಿ ಮುಂದಿನ ಮನೆಯವರು. ಒಬ್ಬರನ್ನೇ ನಂಬುವ ಅಭ್ಯಾಸ ಬೀದಿಗೆ ಬಿಟ್ಟಿದೆ.

ಬೇರು ಕೊಳ್ಳುವ ಹಿಂದಿನ ದಿನ ಮಧ್ಯಾಹ್ನ ಇಲ್ಲಿ ಜೋರು ಮಳೆ. ಮಿಷನ್ ನಿಲ್ಲಿಸಿ ಕಿಟಕಿ ಮುಚ್ಚುತ್ತಿದ್ದೆ, ಫೋನ್ ರಿಂಗಾಯಿತು. ಪರದೆಯ ಮೇಲೆ 'ಎದುರುಮನೆ ಅಕ್ಕ' ಅಂತ ಬಂತು. ನಂಬರನ್ನು ನಾನು ಅಳಿಸಿರಲಿಲ್ಲ, ಯಾಕೆಂದು ಕೇಳಬೇಡಿ. ಫೋನ್ ಎತ್ತಲಿಲ್ಲ ನಾನು. ಮೊದಲು ನೆಲದ ಮೇಲಿದ್ದ ಗಿರಾಕಿಗಳ ಬಟ್ಟೆ ಗಂಟುಗಳನ್ನು ಒಂದೊಂದೇ ಬಾಚಿ ಟೇಬಲ್ಲಿನ ಮೇಲೆ ಹಾಕಿದೆ. ಮಿಷನ್ನಿನ ಪ್ಲಗ್ ಕಿತ್ತೆ. ಅಮ್ಮಾ, ಅಂತ ಕೂಗಿಕೊಂಡು ಹಿಂದಿನ ಕೋಣೆಗೆ ಓಡಿದೆ. ಅಲ್ಲಿ ಮಂಚ ಖಾಲಿ ಇತ್ತು. ಮೊದಲ ಮಹಡಿಯಲ್ಲಿದ್ದೇನೆ ಅನ್ನುವುದು ಆಗ ನೆನಪಾಯಿತು.

ಫೋನ್ ಇನ್ನೂ ಹೊಡೆದುಕೊಳ್ಳುತ್ತಿತ್ತು. ಎತ್ತಿದೆ. ಕುರುಬರಹಳ್ಳಿಯಿಂದ ಅವರ ಮಗಳು.

"ಆಂಟಿ, ಅಮ್ಮ ಬೆಳಿಗ್ಗೆ ಹೋಗ್ಬಿಟ್ರು. ನಿಮಗೆ ಫೋನ್ ಮಾಡು ಅಂತ ತುಂಬ ದಿನದಿಂದ ಹೇಳ್ತಾನೇ ಇದ್ರು, ನಾನೇ ಮಾಡಿರ್ಲಿಲ್ಲ."

ಏನು ಹೇಳಬೇಕಿತ್ತಂತೆ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಕುರುಬರಹಳ್ಳಿ ಇಲ್ಲಿಂದ ದೂರವೇನಲ್ಲ, ಆದರೂ ನಾನು ಹೋಗಲಿಲ್ಲ. ಸಿಟ್ಟು ಇನ್ನೂ ಹಾಗೇ ಇದೆ, ಅವರು ಸತ್ತರೆಂದು ಅದು ಸಾಯಲಿಲ್ಲ. ಮಾರನೆಯ ದಿನ ಬೇರು ಕೊಂಡು ತಂದೆ. ಜಾಡಿ ಈಗ ಅಡುಗೆಮನೆಯ ಮೂಲೆಯಲ್ಲಿ ಕೂತಿದೆ, ಅದರ ಸುತ್ತ ಬಟ್ಟೆಯಲ್ಲಿ ಒರೆಸುತ್ತೇನೆ, ಸರಿಸುವುದಿಲ್ಲ. ಉಪ್ಪು ಸರಿಯಿದೆಯೋ ಇಲ್ಲವೋ ಗೊತ್ತಿಲ್ಲ. ನೋಡಿ ಹೇಳುತ್ತಿದ್ದವರು ಇಬ್ಬರೂ ಇಲ್ಲ.

ಅವತ್ತು ಮಗಳು ಫೋನ್ ಇಟ್ಟ ಮೇಲೂ ಮಳೆ ನಿಂತಿರಲಿಲ್ಲ. ಸ್ವಲ್ಪ ಹೊತ್ತು ಅಮ್ಮನ ಮಂಚದ ಮೇಲೆ ಕೂತಿದ್ದೆ. ಆಮೇಲೆ ಎದ್ದು ಹೋಗಿ, ಎತ್ತಿಟ್ಟಿದ್ದ ಬಟ್ಟೆ ಗಂಟುಗಳನ್ನು ಒಂದೊಂದಾಗಿ ಮತ್ತೆ ನೆಲಕ್ಕೆ ಇಳಿಸಿದೆ.